ಸಣ್ಣ ಅಂಗಡಿಗೆ ದೊಡ್ಡ ಲೆಕ್ಕ: ಅಮೆರಿಕದ ಆರೋಗ್ಯ ವಿಮೆ ಟ್ಯಾಕ್ಸ್ ಕ್ರೆಡಿಟ್ ಹೆಚ್ಚಿನವರ ಕೈಗೆ ಎಟುಕದೆ ಹೋದದ್ದು ಹೇಗೆ?

2010ರ ಏಪ್ರಿಲ್‌ನಲ್ಲಿ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಸಣ್ಣ ವ್ಯಾಪಾರಿಗಳಿಗೆ ಮತ್ತು ಸೇವಾ ಸಂಸ್ಥೆಗಳಿಗೆ 40 ಲಕ್ಷಕ್ಕೂ ಹೆಚ್ಚು ಪೋಸ್ಟ್‌ಕಾರ್ಡ್ ಕಳಿಸಿತು. ನಿಮ್ಮ ನೌಕರರಿಗೆ ಆರೋಗ್ಯ ವಿಮೆ ಕೊಡಿಸುತ್ತಿದ್ದೀರಾ? ಹಾಗಿದ್ದರೆ ಕಟ್ಟಿದ ಪ್ರೀಮಿಯಂನಲ್ಲಿ ಒಂದು ಪಾಲನ್ನು ತೆರಿಗೆಯಲ್ಲಿ ಮುರಿದುಕೊಳ್ಳಿ ಎಂಬುದು ಅದರ ಸಾರ. ಅಧ್ಯಕ್ಷ ಬರಾಕ್ ಒಬಾಮ ಆರೋಗ್ಯ ಕಾಯ್ದೆಗೆ ಸಹಿ ಹಾಕಿ ಆಗಿನ್ನೂ ಒಂದು ತಿಂಗಳಾಗಿತ್ತಷ್ಟೇ. ಆ ಕಾಯ್ದೆಯಲ್ಲಿ ಜನರ ಕೈಗೆ ಎಲ್ಲಕ್ಕಿಂತ ಮೊದಲು ಸಿಗಬೇಕಿದ್ದ ಸವಲತ್ತುಗಳಲ್ಲಿ ಇದೂ ಒಂದು.

ಎರಡು ವರ್ಷ ಕಳೆದ ಮೇಲೆ ಜಿಎಒ ಲೆಕ್ಕ ತೆಗೆದು ನೋಡಿತು. ನಮ್ಮಲ್ಲಿ ಸಿಎಜಿ ಇದ್ದ ಹಾಗೆ ಅಲ್ಲಿ ಸಂಸತ್ತಿನ ಪರವಾಗಿ ಸರ್ಕಾರದ ಖರ್ಚುವೆಚ್ಚ ಪರಿಶೀಲಿಸುವ ಸಂಸ್ಥೆ ಅದು. ಅರ್ಹರಾದ ಮಾಲೀಕರು ಕಡಿಮೆಯೆಂದರೂ 14 ಲಕ್ಷ, ಹೆಚ್ಚೆಂದರೆ 40 ಲಕ್ಷ ಇರಬಹುದೆಂಬ ಅಂದಾಜುಗಳಿದ್ದವು. 2010ರ ಸಾಲಿಗೆ ಕ್ರೆಡಿಟ್ ಪಡೆದವರು ಸುಮಾರು 1,70,300. ಆ ವರ್ಷ ಸುಮಾರು 200 ಕೋಟಿ ಡಾಲರ್ ಖರ್ಚಾಗುತ್ತದೆ ಎಂದು ಎಣಿಸಿದ್ದ ಕಡೆ ಆದದ್ದು 46.8 ಕೋಟಿ. ಸರಾಸರಿ ಒಬ್ಬ ಮಾಲೀಕನಿಗೆ ಸಿಕ್ಕಿದ್ದು ಸುಮಾರು 2,700 ಡಾಲರ್.

ಸರ್ಕಾರ ಕೊಡಲು ಮುಂದೆ ಬಂದ ಹಣವನ್ನು ವ್ಯಾಪಾರಿಗಳು ಬೇಡವೆಂದರೇ? ಬೇಡವೆನ್ನಲಿಲ್ಲ. ಹಣ ಅವರ ಕೈಗೆ ಎಟುಕುವ ಹಾಗೆ ಇರಲೇ ಇಲ್ಲ. ಯಾಕೆ ಹಾಗಾಯಿತೆಂದು ತಿಳಿಯಲು ಅಮೆರಿಕದಲ್ಲಿ ಆರೋಗ್ಯ ವಿಮೆ ನೌಕರಿಗೆ ಅಂಟಿಕೊಂಡ ಕಥೆಯಿಂದಲೇ ಶುರುಮಾಡಬೇಕು.

ಯುದ್ಧಕಾಲದ ಒಂದು ರಿಯಾಯಿತಿ

1929ರಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಬೇಯ್ಲರ್ ವಿಶ್ವವಿದ್ಯಾಲಯದ ಆಸ್ಪತ್ರೆ ಊರಿನ ಶಾಲಾ ಶಿಕ್ಷಕರೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿತು. ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷಕ್ಕೆ 21 ದಿನ ಆಸ್ಪತ್ರೆ ವಾಸ ಪುಕ್ಕಟೆ. ಮುಂದೆ ಬ್ಲೂ ಕ್ರಾಸ್ ಎಂದು ದೇಶವಿಡೀ ಹಬ್ಬಿದ ವ್ಯವಸ್ಥೆಯ ಬೀಜ ಇದು. ಒಂದೇ ಕಡೆ ಕೆಲಸ ಮಾಡುವವರನ್ನು ಗುಂಪಾಗಿ ಸೇರಿಸಿಕೊಂಡರೆ ಕಾಯಿಲೆಯವರು ಮಾತ್ರ ಬಂದು ಸೇರುವ ಭಯವಿಲ್ಲ, ವಂತಿಗೆಯನ್ನು ಸಂಬಳದಲ್ಲೇ ಹಿಡಿಯಬಹುದು ಎಂಬುದು ಆಗಲೇ ಗೊತ್ತಾಗಿತ್ತು.

ಆದರೂ 1940ರ ಹೊತ್ತಿಗೆ ಇಂಥ ವಿಮೆ ಇದ್ದವರು ಹತ್ತರಲ್ಲೊಬ್ಬರು. ಎರಡನೇ ಮಹಾಯುದ್ಧ ಬಂತು. ಕಾರ್ಖಾನೆಗಳಿಗೆ ಆಳು ಸಿಗುತ್ತಿರಲಿಲ್ಲ. ಸಂಬಳ ಏರಿಸಿ ಸೆಳೆಯೋಣವೆಂದರೆ 1942ರ ಅಕ್ಟೋಬರ್‌ನ ಕಾಯ್ದೆ ಸಂಬಳಕ್ಕೇ ಕಡಿವಾಣ ಹಾಕಿತು. ಆದರೆ ವಿಮೆ ಮತ್ತು ಪಿಂಚಣಿಯ ಸವಲತ್ತುಗಳು ಒಂದು ಮಿತಿಯಲ್ಲಿದ್ದರೆ ಅವು ಸಂಬಳದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದೇ ಕಾಯ್ದೆ ಹೇಳಿತು. ಕಂಪನಿಗಳಿಗೆ ಬೇಕಿದ್ದ ಬಾಗಿಲು ಸಿಕ್ಕಿತು. ಸಂಬಳ ಕೊಡಲಾಗದಿದ್ದರೇನು, ವಿಮೆ ಕೊಡೋಣ. ಮಾಲೀಕ ಕಟ್ಟುವ ಪ್ರೀಮಿಯಂ ನೌಕರನ ಆದಾಯವಲ್ಲ ಎಂದು ತೆರಿಗೆ ಇಲಾಖೆ ಒಪ್ಪಿತು, 1954ರ ತೆರಿಗೆ ಸಂಹಿತೆ ಅದಕ್ಕೆ ಕಾಯಂ ಮುದ್ರೆ ಒತ್ತಿತು. 1950ರ ವೇಳೆಗಾಗಲೇ ದೇಶದ ಸುಮಾರು ಅರ್ಧದಷ್ಟು ಜನ ಆಸ್ಪತ್ರೆ ವಿಮೆಯೊಳಗೆ ಬಂದಿದ್ದರು.

ಈ ರಿಯಾಯಿತಿಗೆ ಗಡುವಿಲ್ಲ, ಮೇಲ್ಮಿತಿಯಿಲ್ಲ, ಇಷ್ಟೇ ಸಂಬಳದವರಿಗೆಂಬ ಷರತ್ತಿಲ್ಲ. ಹತ್ತು ಸಾವಿರ ಮಂದಿಯ ಕಂಪನಿಯ ಮುಖ್ಯಾಧಿಕಾರಿಯ ದುಬಾರಿ ವಿಮೆಗೂ ಅದು ಅನ್ವಯಿಸುತ್ತದೆ. ಅಮೆರಿಕದ ಬೊಕ್ಕಸ ಬಿಟ್ಟುಕೊಡುವ ತೆರಿಗೆಗಳಲ್ಲಿ ಇಂದಿಗೂ ಅತಿ ದೊಡ್ಡವುಗಳ ಸಾಲಿನಲ್ಲಿದೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ಎಂಟು ಜನರ ಗ್ಯಾರೇಜಿನ ಪಾಡು

ಕಾಗದದ ಮೇಲೆ ಸಣ್ಣ ಮಾಲೀಕನಿಗೂ ಇದೇ ರಿಯಾಯಿತಿ ಉಂಟು. ತೊಂದರೆ ವಿಮೆಯ ಬೆಲೆಯದ್ದು. ಸಾವಿರಾರು ನೌಕರರ ನಡುವೆ ಒಬ್ಬರ ಕಿಡ್ನಿ ಕೈಕೊಟ್ಟರೆ ಲೆಕ್ಕದಲ್ಲಿ ಕರಗಿಹೋಗುತ್ತದೆ. ಎಂಟು ಜನರ ಗ್ಯಾರೇಜಿನಲ್ಲಿ ಒಬ್ಬ ಮೆಕ್ಯಾನಿಕ್‌ನ ಕಿಡ್ನಿ ಕೈಕೊಟ್ಟರೆ ಮುಂದಿನ ವರ್ಷ ಎಂಟೂ ಜನರ ಪ್ರೀಮಿಯಂ ಜಿಗಿಯುತ್ತದೆ. ಜೊತೆಗೆ ಏಜೆಂಟರ ಕಮಿಷನ್, ಕಾಗದಪತ್ರದ ಖರ್ಚು ಹಂಚಿಕೊಳ್ಳಲು ಇರುವುದೂ ಆ ಎಂಟೇ ತಲೆ. 1996ರ ಹಿಪಾ ಕಾಯ್ದೆ ಸಣ್ಣ ಗುಂಪುಗಳಿಗೆ ಪಾಲಿಸಿ ನಿರಾಕರಿಸುವಂತಿಲ್ಲ ಎಂದಿತು. ಆದರೆ ಎಷ್ಟು ದರಕ್ಕೆ ಕೊಡಬೇಕೆಂದು ಹೇಳಲಿಲ್ಲ. ಬಾಗಿಲು ತೆರೆದಿಟ್ಟು ಹೊಸ್ತಿಲನ್ನು ಎದೆಮಟ್ಟಕ್ಕೆ ಏರಿಸಿದಂತಾಯಿತು.

ಮಾಲೀಕರು ವಿಮೆ ಕೊಡಲೇಬೇಕೆಂದು ಕಡ್ಡಾಯ ಮಾಡುವ ದಾರಿಯೊಂದಿತ್ತು. ಹವಾಯಿ ರಾಜ್ಯ 1974ರಲ್ಲೇ ಅದನ್ನು ಹಿಡಿಯಿತು: ವಾರಕ್ಕೆ 20 ಗಂಟೆ ದುಡಿಯುವ ನೌಕರನಿಗೆ ವಿಮೆ ಕೊಡಿಸುವುದು ಮಾಲೀಕನ ಹೊಣೆ. ಭಾರತದಲ್ಲೂ ಇಎಸ್‌ಐ ನಡೆಯುವುದು ಕಡ್ಡಾಯದ ಮೇಲೆಯೇ. 1993ರಲ್ಲಿ ಬಿಲ್ ಕ್ಲಿಂಟನ್ ಇದನ್ನು ಇಡೀ ದೇಶಕ್ಕೆ ತರಲು ಹೊರಟರು. ಪ್ರೀಮಿಯಂನ ಶೇ 80ರಷ್ಟು ಮಾಲೀಕನದು, 75ಕ್ಕಿಂತ ಕಡಿಮೆ ಜನರಿರುವ ಕಡೆ ಹೊರೆ ತಗ್ಗಿಸಲು ಸಂಬಳದ ವೆಚ್ಚದ ಶೇ 3.5ರವರೆಗೂ ಇಳಿಯುವ ಮಿತಿ. ಸಣ್ಣ ಉದ್ಯಮಿಗಳ ಸಂಘಟನೆ ಎನ್‌ಎಫ್‌ಐಬಿ ಇದನ್ನು ಹಲ್ಲುಕಚ್ಚಿ ವಿರೋಧಿಸಿತು. ಪ್ರತಿ ಊರಿನ ಹಾರ್ಡ್‌ವೇರ್ ಅಂಗಡಿ, ಸಲೂನ್‌ಗಳಿಂದ ಆ ಊರಿನ ಸಂಸದರಿಗೆ ಫೋನ್, ಪತ್ರ ಹೋಗುವಂತೆ ಮಾಡುವ ತಾಕತ್ತು ಅದಕ್ಕಿತ್ತು. 1994ರ ಸೆಪ್ಟೆಂಬರ್‌ನಲ್ಲಿ ಮಸೂದೆ ಸತ್ತಿತು.

ಆ ಸೋಲಿನಿಂದ ರಾಜಕಾರಣಿಗಳು ಕಲಿತ ಪಾಠ ಒಂದೇ. ಸಣ್ಣ ವ್ಯಾಪಾರಿಯನ್ನು ದಂಡ ತೋರಿಸಿ ಹೆದರಿಸುವಂತಿಲ್ಲ, ಹಣ ತೋರಿಸಿ ಕರೆಯಬೇಕು. 2008ರಲ್ಲಿ ಮೇಯ್ನ್ ರಾಜ್ಯದ ರಿಪಬ್ಲಿಕನ್ ಸೆನೆಟರ್ ಒಲಿಂಪಿಯಾ ಸ್ನೋ ಮತ್ತು ಇಲಿನಾಯ್ಸ್‌ನ ಡೆಮಾಕ್ರಟ್ ಡಿಕ್ ಡರ್ಬಿನ್ ಸೇರಿ ‘ಶಾಪ್’ ಎಂಬ ಹೆಸರಿನ ಮಸೂದೆ ತಂದರು. ಸಣ್ಣ ಉದ್ಯಮಗಳೆಲ್ಲ ಒಟ್ಟಿಗೆ ವಿಮೆ ಕೊಳ್ಳುವ ಮಾರುಕಟ್ಟೆ, ಜೊತೆಗೆ ಟ್ಯಾಕ್ಸ್ ಕ್ರೆಡಿಟ್. ಅದು ಅಂಗೀಕಾರವಾಗಲಿಲ್ಲ, ಆದರೆ ಹೆಸರೂ ಹೂರಣವೂ ಎರಡು ವರ್ಷದ ನಂತರ ಒಬಾಮ ಕಾಯ್ದೆಯೊಳಗೆ ಬಂದವು. ವಿಚಿತ್ರವೆಂದರೆ ಆ ಕಾಯ್ದೆಗೆ ಸ್ನೋ ಕೊನೆಗೆ ಮತ ಹಾಕಲಿಲ್ಲ. ಎನ್‌ಎಫ್‌ಐಬಿ ಅದನ್ನು ರದ್ದುಪಡಿಸಿ ಎಂದು ಕೋರ್ಟಿಗೇ ಹೋಯಿತು. 2012ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಕಾಯ್ದೆಯ ಬಹುಪಾಲನ್ನು ಎತ್ತಿಹಿಡಿದ ತೀರ್ಪಿನಲ್ಲಿ ಅರ್ಜಿದಾರನಾಗಿ ಉಳಿದಿರುವ ಹೆಸರು ಅದರದ್ದೇ.

ಸೆಕ್ಷನ್ 45ಆರ್‌ ಒಳಹೊಕ್ಕು

ಕ್ರೆಡಿಟ್ ಎಂದರೆ ಆದಾಯದಲ್ಲಿ ಕಳೆಯುವುದಲ್ಲ, ಕಟ್ಟಬೇಕಾದ ತೆರಿಗೆಯಲ್ಲೇ ಡಾಲರಿಗೆ ಡಾಲರ್ ಕಳೆಯುವುದು. ತೆರಿಗೆ ಸಂಹಿತೆಯಲ್ಲಿ ಈ ಕ್ರೆಡಿಟ್ ಇರುವುದು ಸೆಕ್ಷನ್ 45ಆರ್‌ನಲ್ಲಿ. ಅದರ ಷರತ್ತುಗಳು ಹೊರನೋಟಕ್ಕೆ ಸರಳ. ಪೂರ್ಣಾವಧಿ ಲೆಕ್ಕದಲ್ಲಿ 25ಕ್ಕಿಂತ ಕಡಿಮೆ ನೌಕರರಿರಬೇಕು, ಅವರ ಸರಾಸರಿ ವಾರ್ಷಿಕ ಸಂಬಳ 50,000 ಡಾಲರ್‌ಗಿಂತ ಕೆಳಗಿರಬೇಕು, ಪ್ರೀಮಿಯಂನಲ್ಲಿ ಕನಿಷ್ಠ ಅರ್ಧವನ್ನು ಮಾಲೀಕ ಕಟ್ಟಬೇಕು. 2010ರಿಂದ 2013ರವರೆಗೆ ಮಾಲೀಕ ಕಟ್ಟಿದ್ದರಲ್ಲಿ ಶೇ 35ರವರೆಗೆ, ತೆರಿಗೆ ಇಲ್ಲದ ಸೇವಾ ಸಂಸ್ಥೆಗಳಿಗೆ ಶೇ 25ರವರೆಗೆ.

ಆ ‘ವರೆಗೆ’ಯಲ್ಲೇ ಎಲ್ಲ ಇದೆ. ಪೂರ್ತಿ ಶೇ 35 ಸಿಗುವುದು ನೌಕರರು 10 ಅಥವಾ ಕಡಿಮೆ ಇದ್ದು ಸರಾಸರಿ ಸಂಬಳ 25,000 ಡಾಲರ್ ಮೀರದಿದ್ದರೆ ಮಾತ್ರ. ಹತ್ತರ ಮೇಲೆ ಒಬ್ಬೊಬ್ಬ ಹೆಚ್ಚಿದಂತೆ ಕ್ರೆಡಿಟ್‌ನ ಹದಿನೈದನೇ ಒಂದು ಪಾಲು ಕಡಿತ. ಸಂಬಳ 25,000 ದಾಟಿದಂತೆ ಇನ್ನೊಂದು ಕಡಿತ. ಎರಡೂ ಒಟ್ಟಿಗೇ ಬೀಳುತ್ತವೆ.

ಒಂದು ಬೇಕರಿ ಎಂದುಕೊಳ್ಳಿ. 15 ನೌಕರರು, ಸರಾಸರಿ ಸಂಬಳ 35,000, ಮಾಲೀಕ ವರ್ಷಕ್ಕೆ ಕಟ್ಟಿದ ಪ್ರೀಮಿಯಂ 60,000 ಡಾಲರ್. ಶೇ 35 ಎಂದರೆ 21,000. ಹತ್ತಕ್ಕಿಂತ ಐವರು ಹೆಚ್ಚಿದ್ದಕ್ಕೆ 7,000 ಹೋಯಿತು. ಸಂಬಳ 10,000 ಹೆಚ್ಚಿದ್ದಕ್ಕೆ 8,400 ಹೋಯಿತು. ಉಳಿದದ್ದು 5,600. ವ್ಯಾಪಾರದ ಖರ್ಚೆಂದು ತೋರಿಸುವ ಪ್ರೀಮಿಯಂನಲ್ಲೂ ಇದೇ 5,600 ಕಡಿಮೆ ಮಾಡಬೇಕು. ಇನ್ನು ಅದೇ ಬೇಕರಿಯಲ್ಲಿ 20 ನೌಕರರಿದ್ದು ಸರಾಸರಿ 40,000 ಆಗಿದ್ದರೆ? ಎರಡೂ ಮಿತಿಯೊಳಗೇ ಇದ್ದಾನೆ, ಪೋಸ್ಟ್‌ಕಾರ್ಡ್ ಓದಿದರೆ ಅರ್ಹ. ಆದರೆ ಕಡಿತ ಮೂರನೇ ಎರಡು ಪಾಲು ಒಂದು ಕಡೆ, ಐದನೇ ಮೂರು ಪಾಲು ಇನ್ನೊಂದು ಕಡೆ. ಕೂಡಿದರೆ ಪೂರ್ತಿಗಿಂತಲೂ ಜಾಸ್ತಿ. ಕೈಗೆ ಬರುವುದು ಸೊನ್ನೆ.

ನೌಕರರೆಷ್ಟು ಎಂದು ಎಣಿಸುವುದೇ ಒಂದು ಕೆಲಸ. ಎಲ್ಲರ ಗಂಟೆಗಳನ್ನು ಕೂಡಿಸಿ 2,080ರಿಂದ ಭಾಗಿಸಬೇಕು, ಒಬ್ಬೊಬ್ಬರದು 2,080 ಮೀರಿದ್ದನ್ನು ಬಿಡಬೇಕು. ಮಾಲೀಕನನ್ನು ಎಣಿಸುವಂತಿಲ್ಲ. ಅವನ ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಪ್ಪಅಮ್ಮ, ಅತ್ತಿಗೆ, ಭಾವ, ಅಳಿಯ, ಸೊಸೆ ಯಾರನ್ನೂ ಎಣಿಸುವಂತಿಲ್ಲ. ಅವರಿಗಾಗಿ ಕಟ್ಟಿದ ಪ್ರೀಮಿಯಂಗೂ ಕ್ರೆಡಿಟ್ ಇಲ್ಲ. ಮನೆಮಂದಿಯೆಲ್ಲ ಸೇರಿ ನಡೆಸುವ ಹೋಟೆಲು, ಮೋಟೆಲುಗಳು ಇಲ್ಲೇ ಹೊರಬಿದ್ದವು. ಅಮೆರಿಕದಲ್ಲಿರುವ ಭಾರತೀಯ ಮೂಲದವರ ವ್ಯಾಪಾರಗಳಲ್ಲಿ ಇಂಥವು ಸಾಕಷ್ಟಿವೆ. ನಮ್ಮ ಕನ್ನಡಿಗರು ನಡೆಸುವ ಸಣ್ಣ ಐಟಿ ಕನ್ಸಲ್ಟಿಂಗ್ ಕಂಪನಿಗಳ ವಿಷಯವೇ ಬೇರೆ: ಅಲ್ಲಿ ಎಂಜಿನಿಯರ್‌ಗಳ ಸಂಬಳವೇ ಮಿತಿಯಾಚೆ, ಅರ್ಜಿಯ ಮಾತೇ ಇಲ್ಲ.

‘ಮೂರೇ ಸರಳ ಹೆಜ್ಜೆ’ ಎಂದು ತೆರಿಗೆ ಇಲಾಖೆ ಪ್ರಚಾರ ಮಾಡಿತ್ತು. ಆ ಮೂರು ಹೆಜ್ಜೆ ಕೊನೆಗೆ 15 ಲೆಕ್ಕಗಳಾಗುತ್ತವೆ, ಅವುಗಳಲ್ಲಿ 11ಕ್ಕೆ ಏಳು ವರ್ಕ್‌ಶೀಟ್ ತುಂಬಬೇಕು ಎಂದು ತೆರಿಗೆ ಸಲಹೆಗಾರರು ಜಿಎಒಗೆ ಹೇಳಿದರು. ದಾಖಲೆ ಒಟ್ಟುಮಾಡಲು ಮಾಲೀಕನಿಗೆ 2ರಿಂದ 8 ಗಂಟೆ, ಲೆಕ್ಕ ಹಾಕಲು ಆಡಿಟರಿಗೆ 3ರಿಂದ 5 ಗಂಟೆ. ಆಡಿಟರಿನ ಫೀಸು ಕಳೆದರೆ ಎಷ್ಟೋ ಮಂದಿಗೆ ಉಳಿಯುವುದೇನೂ ಇರಲಿಲ್ಲ. ಪೂರ್ತಿ ದರದ ಕ್ರೆಡಿಟ್ ಸಿಕ್ಕಿದ್ದು 28,100 ಮಂದಿಗೆ, ಅಂದರೆ ಪಡೆದವರಲ್ಲೂ ಶೇ 17.

ಜಿಎಒ ವರದಿಯ ಇನ್ನೊಂದು ಅಂಕಿ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ. ಅರ್ಹರಾಗಬಹುದಾದ ಸಣ್ಣ ಮಾಲೀಕರಲ್ಲಿ ಶೇ 83ರಷ್ಟು ಜನ ವಿಮೆಯನ್ನೇ ಕೊಡುತ್ತಿರಲಿಲ್ಲ. ಕ್ರೆಡಿಟ್ ಬರುವುದು ಮೊದಲು ಹಣ ಕಟ್ಟಿದವನಿಗೆ, ಅದೂ ವರ್ಷ ಮುಗಿದು ರಿಟರ್ನ್ಸ್ ಸಲ್ಲಿಸುವಾಗ. ಆ ವರ್ಷ ಲಾಭವಿಲ್ಲದೆ ತೆರಿಗೆಯೇ ಬರದಿದ್ದರೆ ಕ್ರೆಡಿಟನ್ನು ಮುಂದಿನ ವರ್ಷಗಳಿಗೆ ಒಯ್ಯಬೇಕು. ಇಂದು ಪ್ರೀಮಿಯಂ ಕಟ್ಟಲು ಗಲ್ಲಾಪೆಟ್ಟಿಗೆಯಲ್ಲಿ ಹಣವಿಲ್ಲದವನಿಗೆ ಇದರಿಂದೇನು ಬಂತು? ಮೊದಲೇ ವಿಮೆ ಕೊಡುತ್ತಿದ್ದ ಕೆಲವರಿಗೆ ಒಂದಿಷ್ಟು ಬೋನಸ್ ಸಿಕ್ಕಿತು, ಅಷ್ಟೆ.

ಎರಡೇ ವರ್ಷ

2014ರಲ್ಲಿ ದರ ಶೇ 50ಕ್ಕೇರಿತು, ಸೇವಾ ಸಂಸ್ಥೆಗಳಿಗೆ ಶೇ 35. ಜೊತೆಗೆ ಎರಡು ಗಂಟು ಬಿದ್ದವು. ವಿಮೆಯನ್ನು ಸರ್ಕಾರದ ‘ಶಾಪ್’ ಮಾರುಕಟ್ಟೆಯಲ್ಲೇ ಕೊಳ್ಳಬೇಕು, ಮತ್ತು ಸತತ ಎರಡು ವರ್ಷಕ್ಕೆ ಮಾತ್ರ ಕ್ರೆಡಿಟ್. ಹತ್ತು ವರ್ಷಕ್ಕೆ 4,000 ಕೋಟಿ ಡಾಲರ್ ಎಂಬ ಅಂದಾಜಿನೊಳಗೆ ಯೋಜನೆ ಕೂರಬೇಕಾದರೆ ಹೀಗೆ ಕತ್ತರಿಸಲೇಬೇಕಿತ್ತು. ಆದರೆ ನೌಕರರಿಗೆ ಒಮ್ಮೆ ಕೊಟ್ಟ ವಿಮೆಯನ್ನು ಮೂರನೇ ವರ್ಷ ಕಿತ್ತುಕೊಳ್ಳುವುದು ಯಾವ ಮಾಲೀಕನಿಗೂ ಸುಲಭವಲ್ಲ. ಎರಡು ವರ್ಷದ ನೆರವು ನಂಬಿ ಕಾಯಂ ಖರ್ಚು ಮೈಮೇಲೆ ಎಳೆದುಕೊಳ್ಳಲು ಹೆಚ್ಚಿನವರು ಹಿಂಜರಿದದ್ದು ಸಹಜ.

‘ಶಾಪ್’ ಮಾರುಕಟ್ಟೆಯಂತೂ ಹುಟ್ಟುವಾಗಲೇ ಕುಂಟಿತು. ಕೇಂದ್ರ ಸರ್ಕಾರ ನಡೆಸುತ್ತಿದ್ದ ರಾಜ್ಯಗಳಲ್ಲಿ ಆನ್‌ಲೈನ್ ನೋಂದಣಿಯನ್ನು ಒಂದು ವರ್ಷ ಮುಂದೂಡಲಾಯಿತು. 2017ರ ಆರಂಭದಲ್ಲಿ ದೇಶವಿಡೀ ಅದರಲ್ಲಿದ್ದ ಉದ್ಯಮಗಳು ಸುಮಾರು 27,000. 2018ರಿಂದ ಕೇಂದ್ರದ ಆನ್‌ಲೈನ್ ನೋಂದಣಿಯನ್ನೇ ನಿಲ್ಲಿಸಿ, ವಿಮಾ ಕಂಪನಿ ಇಲ್ಲವೇ ಏಜೆಂಟರ ಬಳಿ ನೇರವಾಗಿ ಹೋಗಿ ಎಂದರು.

ಕ್ರೆಡಿಟ್‌ಗೆ ನಿಜವಾದ ಪೆಟ್ಟು ಕೊಟ್ಟದ್ದು ಅದೇ ಕಾಯ್ದೆಯ ಇನ್ನೊಂದು ಭಾಗ. 2014ರಿಂದ ಕಡಿಮೆ ಆದಾಯದವರು ಸ್ವಂತಕ್ಕೆ ಪಾಲಿಸಿ ಕೊಂಡರೆ ಸರ್ಕಾರವೇ ಪ್ರೀಮಿಯಂನಲ್ಲಿ ನೆರವಾಗತೊಡಗಿತು. ಕೈಗೆಟುಕುವ ದರದಲ್ಲಿ ಮಾಲೀಕನೇ ವಿಮೆ ಕೊಡುತ್ತಿದ್ದರೆ ನೌಕರನಿಗೆ ಆ ನೆರವಿಲ್ಲ. 50 ನೌಕರರಿಗಿಂತ ಕಡಿಮೆ ಇದ್ದರೆ ವಿಮೆ ಕೊಡದ ಮಾಲೀಕನಿಗೆ ದಂಡವೂ ಇಲ್ಲ. ಹಾಗಾಗಿ ವರ್ಷಕ್ಕೆ 25,000 ಡಾಲರ್ ಸಂಬಳದ ಕೆಲಸಗಾರರಿರುವ ಅಂಗಡಿಯಲ್ಲಿ ವಿಮೆ ಕೊಡದಿರುವುದೇ ಎಷ್ಟೋ ವೇಳೆ ಇಬ್ಬರಿಗೂ ಲಾಭ. 45ಆರ್ ಗುರಿಯಿಟ್ಟಿದ್ದು ನೇರ ಇಂಥ ಅಂಗಡಿಗಳನ್ನೇ. ಒಂದೇ ಕಾಯ್ದೆಯ ಒಂದು ಕೈ ಕರೆಯುತ್ತಿದ್ದರೆ ಇನ್ನೊಂದು ಕೈ ಬೇಡವೆನ್ನುತ್ತಿತ್ತು.

ಬೇರೆ ಬಾಗಿಲು

ಗುಂಪು ವಿಮೆಯ ಗೊಡವೆ ಬೇಡ, ನೌಕರರೇ ಪಾಲಿಸಿ ಕೊಳ್ಳಲಿ, ನಾನು ಹಣ ಕೊಡುತ್ತೇನೆ ಎನ್ನುವ ಮಾಲೀಕರು ಮೊದಲಿನಿಂದಲೂ ಇದ್ದರು. 2013ರಲ್ಲಿ ತೆರಿಗೆ ಇಲಾಖೆ ಹೊರಡಿಸಿದ ವಿವರಣೆಯ ಪ್ರಕಾರ ಅದು ಕಾಯ್ದೆಗೆ ವಿರುದ್ಧ, ಒಬ್ಬ ನೌಕರನಿಗೆ ದಿನಕ್ಕೆ 100 ಡಾಲರ್‌ವರೆಗೆ ದಂಡ. ಸಣ್ಣ ಉದ್ಯಮಿಗಳು ಬೊಬ್ಬೆ ಹೊಡೆದರು. 2016ರ ಡಿಸೆಂಬರ್‌ನಲ್ಲಿ, ಅಧಿಕಾರ ಬಿಡುವ ಕೆಲವೇ ವಾರಗಳ ಮುನ್ನ ಒಬಾಮ ಸಹಿ ಹಾಕಿದ ಕಾಯ್ದೆಯೊಂದು 50ಕ್ಕಿಂತ ಕಡಿಮೆ ನೌಕರರಿರುವವರಿಗೆ ಈ ದಾರಿ ತೆರೆಯಿತು. 2019ರಲ್ಲಿ ಟ್ರಂಪ್ ಆಡಳಿತದ ನಿಯಮ ಅದನ್ನು ಎಲ್ಲ ಗಾತ್ರದ ಕಂಪನಿಗಳಿಗೂ ವಿಸ್ತರಿಸಿತು, 2020ರ ಜನವರಿಯಿಂದ ಜಾರಿಗೆ ಬಂತು. ತಿಂಗಳಿಗಿಷ್ಟು ಎಂದು ಮಾಲೀಕ ನಿಗದಿ ಮಾಡಿದ ಹಣಕ್ಕೆ ತೆರಿಗೆಯಿಲ್ಲ. ಪಾಲಿಸಿ ಆರಿಸುವ ತಲೆನೋವು ನೌಕರನದು.

ಇಷ್ಟರಲ್ಲಿ ವಿಮೆಯ ಬೆಲೆ ನಿಂತಲ್ಲೇ ನಿಲ್ಲಲಿಲ್ಲ. ಆರೋಗ್ಯ ನೀತಿಯನ್ನು ಅಧ್ಯಯನ ಮಾಡುವ ಕೆಎಫ್‌ಎಫ್ ಸಂಸ್ಥೆಯ ವಾರ್ಷಿಕ ಸಮೀಕ್ಷೆಯಲ್ಲಿ ಒಂದು ಕುಟುಂಬಕ್ಕೆ ಮಾಲೀಕರ ಮೂಲಕ ಸಿಗುವ ವಿಮೆಯ ಸರಾಸರಿ ಪ್ರೀಮಿಯಂ 2010ರಲ್ಲಿ 13,770 ಡಾಲರ್ ಇದ್ದದ್ದು 2024ರಲ್ಲಿ 25,572ಕ್ಕೆ ಮುಟ್ಟಿತ್ತು.

45ಆರ್ ಇಂದಿಗೂ ಪುಸ್ತಕದಲ್ಲಿದೆ. ಅದನ್ನು ಕೇಳುವ 8941 ನಂಬರಿನ ಫಾರ್ಮೂ ಇದೆ, ಸಂಬಳದ ಮಿತಿ ಬೆಲೆಯೇರಿಕೆಗೆ ತಕ್ಕಂತೆ ಏರುತ್ತದೆ. ಕಡಿತದ ಲೆಕ್ಕ ಸರಳ ಮಾಡಿ ಎಂಬ ಸಲಹೆ ಒಬಾಮ ಕಾಲದ ಬಜೆಟ್‌ಗಳಲ್ಲೇ ಬಂತು, ಸಂಸತ್ತು ಕಿವಿಗೊಡಲಿಲ್ಲ. 2025ರ ಮೇ ತಿಂಗಳಲ್ಲಿ ಕೆಳಮನೆ ಅಂಗೀಕರಿಸಿದ ಬೃಹತ್ ತೆರಿಗೆ ಮಸೂದೆಯಲ್ಲಿ ಹೊಸದೊಂದು ಕ್ರೆಡಿಟ್ ಇತ್ತು. ನೌಕರರ ಸ್ವಂತ ಪಾಲಿಸಿಗೆ ಹಣ ಕೊಡುವ ಸಣ್ಣ ಮಾಲೀಕನಿಗೆ ತಲೆಗೆ ತಿಂಗಳಿಗೆ 100 ಡಾಲರ್, ಎರಡನೇ ವರ್ಷ ಅದರ ಅರ್ಧ. ಹದಿನೈದನೇ ಒಂದು ಪಾಲಿನ ಕಡಿತವಿಲ್ಲ, ತಲೆ ಎಣಿಸಿ ಗುಣಿಸಿದರೆ ಮುಗಿಯಿತು. ಎರಡು ವರ್ಷದ ಗಡುವು ಮಾತ್ರ ಇಲ್ಲೂ ಹಾಗೇ ಇತ್ತು. ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಅಂತಿಮ ಪ್ರತಿಯಲ್ಲಿ ಆ ಭಾಗ ಇರಲಿಲ್ಲ. ಸೆನೆಟ್‌ನಲ್ಲೇ ಬಿದ್ದುಹೋಗಿತ್ತು.