ರಾಜದ್ರೋಹ: ಪ್ರೀತಿ ಇಲ್ಲದಿದ್ದರೆ ದ್ವೇಷವೇ?

ರಾಜದ್ರೋಹದ ಕಾನೂನು ಇದೆಯಾ, ಹೋಯ್ತಾ? 2022ರಲ್ಲಿ ಸುಪ್ರೀಂ ಕೋರ್ಟ್ ತಡೆದಿದ್ದು ಗೊತ್ತು, 2024ರಲ್ಲಿ ಹಳೇ ದಂಡ ಸಂಹಿತೆಯ ಬದಲು ಹೊಸ ನ್ಯಾಯ ಸಂಹಿತೆ ಬಂದಿದ್ದೂ ಗೊತ್ತು. ಆದರೂ ತಲೆ ಕೆಡುತ್ತದೆ. ಈ ಸಿಕ್ಕಿನ ಬುಡದಲ್ಲಿರುವುದು ರಾಜದ್ರೋಹದ ಹಳೇ ಸೆಕ್ಷನ್ 124ಎಯಲ್ಲಿದ್ದ, ಅಪ್ರೀತಿ ಅನ್ನಬಹುದಾದ ಒಂದೇ ಪದ: ಡಿಸ್‌ಅಫೆಕ್ಷನ್.

1870ರಲ್ಲಿ ಈ ಸೆಕ್ಷನ್ ದಂಡ ಸಂಹಿತೆಗೆ ಸೇರಿತು. ಸರ್ಕಾರದ ಮೇಲೆ ಡಿಸ್‌ಅಫೆಕ್ಷನ್ ಕೆರಳಿಸಿದರೆ ಶಿಕ್ಷೆ. ಯಾವುದು ಡಿಸ್‌ಅಫೆಕ್ಷನ್ ಅಲ್ಲ ಅಂತ ಹೇಳಿದ್ದರು, ಯಾವುದು ಹೌದು ಅಂತ ಹೇಳಿರಲಿಲ್ಲ. 1891ರ ಬಂಗೋಬಾಸಿ ಪತ್ರಿಕೆಯ ಕೇಸಿನಲ್ಲಿ ಕಲ್ಕತ್ತಾ ಹೈಕೋರ್ಟು ಪ್ರೀತಿಗೆ ವಿರುದ್ಧವಾದ ಭಾವನೆ ಅಂತ ಅರ್ಥ ಕೊಟ್ಟಿತು.

ನಿಜವಾದ ತಿರುವು ಬಂದಿದ್ದು 1897ರಲ್ಲಿ. ಪುಣೆಯಲ್ಲಿ ಪ್ಲೇಗ್. ಜೂನ್ 15ರ 'ಕೇಸರಿ'ಯಲ್ಲಿ ಶಿವಾಜಿ ಉತ್ಸವದ ಬರಹಗಳು ಬಂದವು. ಒಂದು ವಾರದಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಆ ಬರಹಗಳಿಗಾಗಿ ಸಂಪಾದಕ ತಿಲಕರು ರಾಜದ್ರೋಹದ ಆರೋಪದಲ್ಲಿ ಬಾಂಬೆ ಹೈಕೋರ್ಟಿನ ಕಟಕಟೆಗೆ ಬಂದರು. ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಹೇಳುವ ಜನರ ತಂಡ, ಅಂದರೆ ಜ್ಯೂರಿಯಲ್ಲಿ ಒಂಬತ್ತು ಜನ: ಆರು ಯುರೋಪಿಯನ್ನರು, ಮೂವರು ಭಾರತೀಯರು. ಮರಾಠಿ ಬರಹವನ್ನು ಇಂಗ್ಲಿಷಿಗೆ ತಂದು ತೂಗಿದರು. ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಹೇಳಿದ್ದು ಇಷ್ಟು: ಡಿಸ್‌ಅಫೆಕ್ಷನ್ ಅಂದರೆ ಪ್ರೀತಿ ಇಲ್ಲದಿರುವುದು. ದ್ವೇಷ, ಹಗೆ, ತಿರಸ್ಕಾರ, ಸರ್ಕಾರದ ಬಗ್ಗೆ ಎಂಥದೇ ಕೆಟ್ಟ ಭಾವನೆ, ಎಲ್ಲವೂ ಅದರಲ್ಲೇ ಬಂತು. ಗಲಭೆ ಆಗಬೇಕಂತಲೂ ಇಲ್ಲ. ಆರು ಮಂದಿ ತಪ್ಪಿತಸ್ಥ ಅಂದರು, ಮೂವರು ಅಲ್ಲ ಅಂದರು. ತಿಲಕರಿಗೆ 18 ತಿಂಗಳ ಸಜೆ.

ಬಾಡಿಗೆ ಮನೆಯವರಿಗೆ ಓನರ್ ಮೇಲೆ ಪ್ರೀತಿ ಇರಲ್ಲ. ಹಾಗಂತ ಅದು ಹಗೆಯಾ? ಈ ಪ್ರಶ್ನೆ ಕೇಳದೆಯೇ 1898ರಲ್ಲಿ ಸೆಕ್ಷನ್ ತಿದ್ದಿದರು. ದ್ವೇಷ, ತಿರಸ್ಕಾರ ಎರಡೂ ಹೆಸರು ಹೇಳಿಕೊಂಡೇ ಒಳಗೆ ಬಂದವು. 1922ರಲ್ಲಿ ಇದೇ ಸೆಕ್ಷನ್ನಿನ ಕೇಸಿನಲ್ಲಿ ಅಹಮದಾಬಾದಿನ ಕೋರ್ಟಿನಲ್ಲಿ ಗಾಂಧೀಜಿ, ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲು ಆಗುವುದಿಲ್ಲ ಅಂದರು. ಆರು ವರ್ಷ ಸಜೆ ಸಿಕ್ಕಿತು.

ಆಮೇಲಿನದು ಹಗ್ಗಜಗ್ಗಾಟ. 1942ರಲ್ಲಿ ಆಗಿನ ಫೆಡರಲ್ ಕೋರ್ಟು, ರಾಜದ್ರೋಹ ಅನ್ನಬೇಕಾದರೆ ಮಾತು ಶಾಂತಿ ಕೆಡಿಸುವಂತಿರಬೇಕು ಅಂತು. 1947ರಲ್ಲಿ ಅದಕ್ಕೂ ಮೇಲಿನ ಲಂಡನ್ನಿನ ಕೋರ್ಟು, ಪ್ರಿವಿ ಕೌನ್ಸಿಲ್, ಅದನ್ನು ತಳ್ಳಿಹಾಕಿತು. 1962ರಲ್ಲಿ ಕೇದಾರನಾಥ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಸೆಕ್ಷನ್ ಉಳಿಸಿ, ಹಿಂಸೆ ಅಥವಾ ಅಶಾಂತಿಗೆ ಪ್ರಚೋದನೆ ಇದ್ದರೆ ಮಾತ್ರ ಅಂತ ಬೇಲಿ ಹಾಕಿತು. ಠಾಣೆಗಳಲ್ಲಿ ಆ ಬೇಲಿಯನ್ನು ಯಾರೂ ಜಾಸ್ತಿ ತಲೆಗೆ ಹಾಕಿಕೊಂಡಂತೆ ಕಾಣಲಿಲ್ಲ.

2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯ ಸೆಕ್ಷನ್ 152ರಲ್ಲಿ ಡಿಸ್‌ಅಫೆಕ್ಷನ್ ಇಲ್ಲ, ದ್ವೇಷವೂ ಇಲ್ಲ. ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ಅನ್ನುವುದು ಅಲ್ಲಿ ಕೂತಿದೆ. ಪ್ರತ್ಯೇಕತೆಯ 'ಭಾವನೆ'ಗೆ ಉತ್ತೇಜನ ಕೊಟ್ಟರೂ ಜೀವಾವಧಿವರೆಗೆ ಶಿಕ್ಷೆ ಆಗಬಹುದು. ಆ ಭಾವನೆ ಯಾವುದು ಅಂತ ಮಾತ್ರ ಸೆಕ್ಷನ್ನಿನಲ್ಲಿ ಬರೆದಿಲ್ಲ.