ಒಂದು ಚದರಕ್ಕೆ 2.83 ಕೋಟಿ

ಪ್ರಶ್ನೆ: ಮಗಳಿಗೆ ಮುಂಬೈನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿಯ ಮನೆ ಬೆಲೆ ಕೇಳಿ ನಮ್ಮ ಮನೆಯವರಿಗೆ ಎರಡು ದಿನ ಊಟ ಸೇರಲಿಲ್ಲ. ಮುಂಬೈನ ಸಬರ್ಬ್‌ಗಳಲ್ಲಿ ಅತಿ ದುಬಾರಿ ಯಾವುದು? ಒಂದು ಫ್ಲ್ಯಾಟಿನ ದುಡ್ಡಿಗೆ ನಮ್ಮ ಕುವೆಂಪುನಗರದಲ್ಲಿ ಸಾಲಾಗಿ ಮನೆಗಳೇ ಬರುತ್ತವಲ್ಲ, ಅಲ್ಲಿ ಅಂಥದ್ದೇನಿದೆ?
— ನಿವೃತ್ತ ಶಿಕ್ಷಕಿ, ಮೈಸೂರು

ಮೇಡಂ, ಮೊದಲು ಆ ‘ಸಬರ್ಬ್’ ಅನ್ನುವ ಪದವನ್ನೇ ಸ್ವಲ್ಪ ಬಿಡಿಸಬೇಕು. ಮೈಸೂರಿನಲ್ಲಿ ನಾವು ಯಾದವಗಿರಿ, ಜಯಲಕ್ಷ್ಮೀಪುರಂ, ಗೋಕುಲಂ ಎಲ್ಲವನ್ನೂ ಬಡಾವಣೆ ಅಂದು ಮುಗಿಸುತ್ತೇವೆ. ಮುಂಬೈನಲ್ಲಿ ಹಾಗೆ ಅಂದರೆ ಅಲ್ಲಿಯವರು ತಿದ್ದುತ್ತಾರೆ. ದಕ್ಷಿಣದ ತುದಿ ಕೊಲಾಬಾದಿಂದ ಮಾಹಿಮ್, ಸಯಾನ್‌ವರೆಗೆ ಇರುವುದು ಪಟ್ಟಣ. ಮಾಹಿಮ್ ಕೊಲ್ಲಿ ದಾಟಿ ಬಾಂದ್ರಾಕ್ಕೆ ಕಾಲಿಟ್ಟಿರೋ, ಅಲ್ಲಿಂದ ಉಪನಗರ. 1990ರಿಂದ ಇವೆರಡೂ ಬೇರೆ ಬೇರೆ ಜಿಲ್ಲೆಗಳು. ಹಾಗಾಗಿ ಎಲ್ಲರ ಬಾಯಲ್ಲೂ ಮೊದಲು ಬರುವ ಮಲಬಾರ್ ಹಿಲ್ ಲೆಕ್ಕದ ಪ್ರಕಾರ ಸಬರ್ಬ್ ಅಲ್ಲವೇ ಅಲ್ಲ.

ಇಡೀ ಊರಿನಲ್ಲಿ ದುಬಾರಿ ಯಾವುದು ಅಂದರೆ ಮಲಬಾರ್ ಹಿಲ್, ಅದರ ಮಗ್ಗುಲಿನ ಆಲ್ಟಮೌಂಟ್ ರಸ್ತೆ, ಕಾರ್ಮೈಕಲ್ ರಸ್ತೆ, ಬ್ರೀಚ್ ಕ್ಯಾಂಡಿ, ಜೊತೆಗೆ ಈಚಿನ ವರ್ಷಗಳಲ್ಲಿ ಭರಭರನೆ ಮೇಲೆದ್ದ ವರ್ಲಿ. ನಿಜವಾದ ಉಪನಗರದಲ್ಲಿ ಯಾವುದು ಅಂದರೆ ಬಾಂದ್ರಾ ಪಶ್ಚಿಮ, ಅದರಲ್ಲೂ ಪಾಲಿ ಹಿಲ್. ಅದರ ಹಿಂದೆಯೇ ಜುಹು. ಉತ್ತರ ಇಷ್ಟೇ. ಆದರೆ ನಿಮ್ಮ ಯಜಮಾನರ ಊಟ ಕೆಡಿಸಿದ್ದು ಹೆಸರುಗಳಲ್ಲ, ಅಂಕಿ. ಅದಕ್ಕೇ ಬರೋಣ.

2025ರಲ್ಲಿ ವರ್ಲಿಯ ಒಂದು ಹೊಸ ಕಟ್ಟಡದಲ್ಲಿ ಎರಡು ಡ್ಯೂಪ್ಲೆಕ್ಸ್ ಮನೆಗಳು ಒಟ್ಟಿಗೆ 639 ಕೋಟಿ ರೂಪಾಯಿಗೆ ನೋಂದಣಿಯಾದವು. ವಿಸ್ತೀರ್ಣ 22,572 ಚದರಡಿ. ಅಂದರೆ ಅಡಿಗೆ ಸುಮಾರು 2.83 ಲಕ್ಷ. ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ ನೂರು ಚದರಡಿಗೆ ಒಂದು ಚದರ ತಾನೆ? ಹಾಗಾದರೆ ಒಂದು ಚದರಕ್ಕೆ 2.83 ಕೋಟಿ. ನಾಲ್ಕಡಿಗೆ ನಾಲ್ಕಡಿ ದೇವರ ಮನೆ ಬಿಟ್ಟುಕೊಂಡರೆ 45 ಲಕ್ಷ. ಡಬಲ್ ಕಾಟ್ ಹಾಕಿ ಮಲಗುವ ಜಾಗ 92 ಲಕ್ಷ, ಹಾಸಿಗೆ ದಿಂಬು ಬೇರೆ. ಇದು ಆಗಿನ ದಾಖಲೆ ಬೆಲೆ, ದಿನನಿತ್ಯದ ಬೆಲೆಯಲ್ಲ ಅನ್ನುವುದನ್ನು ಯಜಮಾನರಿಗೆ ಮೊದಲೇ ಹೇಳಿಬಿಡಿ.

ಇನ್ನು ‘ಅಂಥದ್ದೇನಿದೆ’ ಅನ್ನುವ ಪ್ರಶ್ನೆ. ನಾನು ಇದನ್ನು ಸ್ವಲ್ಪ ತಿರುಗಿಸಿ ನೋಡುತ್ತೇನೆ: ಅಲ್ಲಿ ಮಾರಾಟಕ್ಕೆ ಏನಿಲ್ಲ?

ಮಲಬಾರ್ ಹಿಲ್ ಅಂದರೆ ಹಿಲ್ ಅನ್ನಬೇಕಷ್ಟೆ. ಸುಮಾರು 50 ಮೀಟರ್ ಎತ್ತರದ ದಿಬ್ಬ, ನಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿಗೆ ಕಾಲಿಗೇ ತಾಗುವುದಿಲ್ಲ. ಆ ದಿಬ್ಬದ ಸಮುದ್ರಕ್ಕೆ ಚಾಚಿದ ಮೂಗಿನ ತುದಿಯಲ್ಲಿ ರಾಜಭವನ ಕೂತಿದೆ, ಹತ್ತಿರ ಹತ್ತಿರ 50 ಎಕರೆ. ಇನ್ನೊಂದು ಮಗ್ಗುಲಲ್ಲಿ ಪಾರ್ಸಿಗಳ ಡೂಂಗರ್‌ವಾಡಿ, ಅವರ ಅಂತ್ಯಸಂಸ್ಕಾರದ ಮೌನದ ಗೋಪುರಗಳಿರುವ ಕಾಡು. ಅದೂ 50 ಎಕರೆಗೆ ಮೇಲೆ. ನೆತ್ತಿಯ ಮೇಲೆ ಹ್ಯಾಂಗಿಂಗ್ ಗಾರ್ಡನ್, ಅದರ ಹುಲ್ಲುಹಾಸಿನ ಕೆಳಗೆ ದಕ್ಷಿಣ ಮುಂಬೈಗೆ ನೀರು ಕೊಡುವ 1880ರ ದಶಕದ ಜಲಾಶಯ. ಕೆಳಗೆ ಬಾಣಗಂಗಾ ಕಲ್ಯಾಣಿ, ವಾಲ್ಕೇಶ್ವರ ಗುಡಿ. ನಡುವೆ ಮುಖ್ಯಮಂತ್ರಿಗಳ ‘ವರ್ಷಾ’, ಮಂತ್ರಿಗಳ ಬಂಗಲೆಗಳು, 1936ರಲ್ಲಿ ಕಟ್ಟಿದ ಜಿನ್ನಾ ಮನೆ, ಅದು ದಶಕಗಳಿಂದ ಎರಡು ದೇಶಗಳ ಜಗಳದಲ್ಲಿ ಬೀಗ ಹಾಕಿಕೊಂಡು ನಿಂತಿದೆ. ಇವೆಲ್ಲ ಕಳೆದು ಉಳಿದ ಚೂರುಪಾರು ನೆಲವೇ ಮಾರುಕಟ್ಟೆ. ರಾಜ್ಯಪಾಲರು ಸೈಟು ಮಾರುವುದಿಲ್ಲ, ಡೂಂಗರ್‌ವಾಡಿಯ ಕಾಡಿನಲ್ಲಿ ಲೇಔಟ್ ಆಗುವುದಿಲ್ಲ. ಪಕ್ಕದ ಮನೆಯವನಿಗೆ ಮಾತ್ರ ಆ ಮರ, ಗಾಳಿ, ನೋಟ ಎಲ್ಲ ಪುಕ್ಕಟೆ, ಮನೆ ಮಾರುವಾಗ ಅದರ ಬೆಲೆಯನ್ನೂ ಸೇರಿಸಿಯೇ ಹೇಳುತ್ತಾನೆ. ನಮ್ಮಲ್ಲೂ ಕುಕ್ಕರಹಳ್ಳಿ ಕೆರೆ ಮಗ್ಗುಲ ಸೈಟಿನವರ ಗತ್ತು ನೀವು ನೋಡಿದ್ದೀರಲ್ಲ!

2014ರಲ್ಲಿ ಇದೇ ದಿಬ್ಬದ ಮೇಲಿನ, ಅಣುವಿಜ್ಞಾನಿ ಹೋಮಿ ಭಾಭಾ ಅವರ ಬಂಗಲೆ ಹರಾಜಿಗೆ ಬಂತು. 372 ಕೋಟಿಗೆ ಹೋಯಿತು. ಅದನ್ನು ಸ್ಮಾರಕ ಮಾಡಿ ಅಂತ ವಿಜ್ಞಾನಿಗಳು ಕೇಳಿಕೊಂಡರೂ 2016ರಲ್ಲಿ ಕೆಡವಿದರು. ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆ ಕೆಡವುವ ಹಂತಕ್ಕೆ ಬಂದು ಉಳಿದದ್ದು, ಈಗ ಮ್ಯೂಸಿಯಂ ಆಗಿರುವುದು ನೆನಪಾಗುತ್ತದೆ. 372 ಕೋಟಿಯ ನೆಲದ ಮೇಲೆ ನಿಂತಿದ್ದರೆ ಅದೂ ಉಳಿಯುತ್ತಿತ್ತೇ ಅಂತ ನನಗೆ ಅನುಮಾನ.

ಎತ್ತರಕ್ಕೆ ಇನ್ನೊಂದು ಬೆಲೆಯಿದೆ, ಅದು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಮುಂಬೈ ಮೊದಲು ಏಳು ದ್ವೀಪ. ನಡುವಿನ ಜವುಗನ್ನು, ಕಡಲನ್ನು ತುಂಬಿ ತುಂಬಿ ಒಂದು ಮಾಡಿದ್ದು. ತುಂಬಿದ ತಗ್ಗುಗಳಿಗೆ ನೀರು ಹಳೇ ದಾರಿ ಮರೆತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಮೈಸೂರಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 800. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಬರೀ 73! ಒಂದೇ ಊರು, ಒಂದೇ ದಿನ. ಹಿಂದ್‌ಮಾತಾ, ಸಯಾನ್‌ನಂಥ ತಗ್ಗಿನ ಕಡೆ ಜನ ಪ್ರತಿ ವರ್ಷ ಮೊಣಕಾಲುದ್ದ ನೀರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವಾಗ ದಿಬ್ಬದ ಮೇಲಿನವರ ಕಾರಿನ ಚಕ್ರ ಒಣಗಿರುತ್ತದೆ.

ದಿಕ್ಕಿನ ಮಾತು ಒಂದು ಹೇಳಿಬಿಡುತ್ತೇನೆ, ನನಗೆ ಇದು ಮಜಾ ಅನಿಸುತ್ತದೆ. ನಮ್ಮಲ್ಲಿ ಪೂರ್ವ ದಿಕ್ಕಿನ ಸೈಟು ಅಂದರೆ ಬ್ರೋಕರ್ ಸ್ವರವೇ ಬದಲಾಗುತ್ತದೆ, ಮೂಲೆ ಸೈಟು ಆಗಿದ್ದರಂತೂ ಕೇಳಬೇಡಿ. ಅಲ್ಲಿ ಮಲಬಾರ್ ಹಿಲ್, ವರ್ಲಿ, ಬಾಂದ್ರಾ, ಜುಹು ಎಲ್ಲವೂ ಪಶ್ಚಿಮದ ಕಡಲಿಗೆ ಮುಖ ಮಾಡಿದವು. ದುಡ್ಡು ಕೊಡುವುದೇ ಪಡುವಣಕ್ಕೆ. ಅದೇ ಪಡುವಣ ಜೂನ್‌ನಲ್ಲಿ ಮಳೆ ಹೊಡೆಯುತ್ತದೆ, ಉಪ್ಪುಗಾಳಿಗೆ ಏಸಿ ತುಕ್ಕು ಹಿಡಿಯುತ್ತದೆ, ಕಿಟಕಿ ಹಿಡಿ ತಿರುಗಿಸಿದರೆ ಕೈಗೇ ಬರುತ್ತದೆ. ಹಳೇ ಕಟ್ಟಡಗಳು ನಾಲ್ಕು ತಿಂಗಳು ನೀಲಿ ತಾಡಪಾಲು ಹೊದ್ದು ಕೂರುತ್ತವೆ.

ನನ್ನ ಸೋದರಮಾವನ ಮಗ ಬಾಂದ್ರಾದಲ್ಲಿ ಕೆಲ ವರ್ಷ ಆಫೀಸಿನ ಕ್ವಾರ್ಟರ್ಸ್‌ನಲ್ಲಿದ್ದ. ಮೊದಲ ಸಲ ಹೋದಾಗ ಕಾಫಿ ಲೋಟ ಕೈಗೆ ಕೊಟ್ಟು, “ಬಾರೋ, ಸಮುದ್ರ ತೋರಿಸ್ತೀನಿ” ಅಂದ. ಹಾಲ್‌ನಿಂದ ಅಲ್ಲ, ಅಡುಗೆಮನೆಯಿಂದ. ಗ್ಯಾಸ್ ಸಿಲಿಂಡರ್ ಪಕ್ಕ ನಿಂತು, ಗ್ರಿಲ್‌ಗೆ ಕೆನ್ನೆ ಒತ್ತಿ, ಎಡಕ್ಕೆ ನೋಡಬೇಕು. ಎರಡು ಕಟ್ಟಡಗಳ ಮಧ್ಯೆ ಸ್ಲೇಟಿನಷ್ಟು ಅಗಲದ ಕಡಲು. ನಾವು ನೋಡುತ್ತಿದ್ದಂತೆ ಒಂದು ಮೀನು ದೋಣಿ ಆ ಸ್ಲೇಟಿನ ಈ ಅಂಚಿನಿಂದ ಆ ಅಂಚಿಗೆ ಹೋಯಿತು, ಅಷ್ಟರಲ್ಲಿ ಕುಕ್ಕರ್ ಎರಡು ಸಲ ಕೂಗಿತು. ಎರಡು ವರ್ಷ ಬಿಟ್ಟು ಮತ್ತೆ ಹೋದಾಗ ಸ್ಲೇಟಿನ ಜಾಗದಲ್ಲಿ ಹಸಿರು ಪರದೆ ಕಟ್ಟಿದ ಸಾರುವೆ ನಿಂತಿತ್ತು. ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಕಾನೂನು. ಮೂರು ಕಡೆ ನೀರಿದ್ದ ಊರು ಮೇಲಕ್ಕಾದರೂ ಬೆಳೆಯಬೇಕಿತ್ತು; ಅದಕ್ಕೂ ದಶಕಗಳ ಕಾಲ ಮಿತಿ ಇತ್ತು. ಎಫ್‌ಎಸ್‌ಐ ಅಂತ ಕೇಳಿರುತ್ತೀರಿ. ನಿಮ್ಮದು 40x60 ಸೈಟು ಅಂತಿಟ್ಟುಕೊಳ್ಳಿ, 2,400 ಚದರಡಿ. ಎಫ್‌ಎಸ್‌ಐ 1 ಅಂದರೆ ಎಷ್ಟೇ ಮಹಡಿ ಕಟ್ಟಿ, ಎಲ್ಲ ಮಹಡಿ ಸೇರಿ 2,400 ಮೀರುವಂತಿಲ್ಲ. 1991ರ ನಿಯಮದಲ್ಲಿ ಮುಂಬೈ ಪಟ್ಟಣಕ್ಕೆ ಸಾಮಾನ್ಯವಾಗಿ 1.33, ಉಪನಗರಕ್ಕೆ 1. ಕೋಟಿ ದಾಟಿದ ಜನಕ್ಕೆ ಇಷ್ಟು! ಆಮೇಲೆ ದುಡ್ಡು ಕಟ್ಟಿ ಹೆಚ್ಚಿನ ಹಕ್ಕು ಪಡೆಯುವ, ಹಳೇ ಕಟ್ಟಡ ಕೆಡವಿ ಕಟ್ಟಿದರೆ ರಿಯಾಯಿತಿ ಕೊಡುವ ದಾರಿಗಳು ಬಂದವು; ಈಗ ಕಾಣುವ ಗೋಪುರಗಳೆಲ್ಲ ಆ ದಾರಿಯವು. ಇದರ ಮೇಲೆ ಕಡಲಂಚಿನಲ್ಲಿ ಕಟ್ಟುವುದಕ್ಕೆ ಕಡಿವಾಣ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ, ಅದೂ ಮೊದಲು ಬಂದದ್ದು 1991ರಲ್ಲೇ.

ಬಾಡಿಗೆ ಕಾನೂನು ಇನ್ನೂ ಹಳೇದು. 1947ರ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ತಾತ ಕೊಡುತ್ತಿದ್ದ ಬಾಡಿಗೆಯಲ್ಲೇ ಮೊಮ್ಮಗನೂ ಇದ್ದ. ಮಾಲೀಕ ಸುಣ್ಣ ಹೊಡೆಸಲಿಲ್ಲ, ಹೊಸಬ ಬಾಡಿಗೆಗೆ ಕೊಡಲು ಮನೆ ಕಟ್ಟಲಿಲ್ಲ. ‘ಪಗಡಿ’ ಅಂತ ಒಂದು ಪದ್ಧತಿ ಹುಟ್ಟಿತು: ಒಂದಿಷ್ಟು ಗಂಟು ಕೊಟ್ಟು ಒಳಗೆ ಬರುವುದು, ಚಿಲ್ಲರೆ ಬಾಡಿಗೆ ಕೊಡುವುದು, ಬಿಡುವಾಗ ಇನ್ನೊಬ್ಬನಿಂದ ಗಂಟು ತೆಗೆದುಕೊಂಡು ಮಾಲೀಕನಿಗೊಂದು ಪಾಲು ಕೊಡುವುದು. ಹೀಗೆ ಒಳ್ಳೊಳ್ಳೆ ಜಾಗದ ನೂರಾರು ಕಟ್ಟಡಗಳು ಮಾರಾಟಕ್ಕೂ ಇಲ್ಲ, ರಿಪೇರಿಯೂ ಇಲ್ಲ ಅನ್ನುವಂತೆ ಕೂತವು. ಉಳಿದ ಕೆಲವೇ ಫ್ಲ್ಯಾಟುಗಳ ಮೇಲೆ ಎಲ್ಲರ ದುಡ್ಡೂ ಮುಗಿಬಿತ್ತು.

ವರ್ಲಿಯ ಕತೆ ಬೇರೆ. ಅಲ್ಲಿ, ಪಕ್ಕದ ಲೋವರ್ ಪರೇಲ್‌ನಲ್ಲಿ ಬಟ್ಟೆ ಮಿಲ್ಲುಗಳಿದ್ದವು. 1982ರ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಇಳಿದರು. ಎಷ್ಟೋ ಮಿಲ್ಲುಗಳು ಮತ್ತೆ ಸರಿಯಾಗಿ ತಿರುಗಲೇ ಇಲ್ಲ. ಆ ನೆಲ ಮುಂದೆ ಮಾಲ್, ಆಫೀಸು, ಗೋಪುರವಾಯಿತು. ದ್ವೀಪದ ನಡುಮಧ್ಯೆ ದೊಡ್ಡ ದೊಡ್ಡ ತುಂಡು ನೆಲ ಸಿಕ್ಕಿದ್ದು ಅಲ್ಲಿ ಮಾತ್ರ. 2009ರಲ್ಲಿ ಬಾಂದ್ರಾ-ವರ್ಲಿ ಸೇತುವೆ, 2024ರಲ್ಲಿ ಮರೀನ್ ಡ್ರೈವ್ ಕಡೆಯ ಕರಾವಳಿ ರಸ್ತೆ ಬಂದ ಮೇಲೆ ವರ್ಲಿಯಿಂದ ಎತ್ತ ಹೋದರೂ ಹತ್ತಿರ. 639 ಕೋಟಿ ಅಲ್ಲೇ ಆದದ್ದು ಆಶ್ಚರ್ಯವಲ್ಲ.

ಬಾಂದ್ರಾದಲ್ಲಿ ಮೊದಲು ಇದ್ದದ್ದು ಕ್ರೈಸ್ತರ ಹಂಚಿನ ಮನೆಗಳ ಹಳ್ಳಿಗಳು. ಪಾಲಿ ಹಿಲ್‌ಗೆ ಸಿನಿಮಾದವರು ಬಂದರು, ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಶಾರುಖ್ ಖಾನ್ ಮನೆ ಮುಂದೆ ಈಗಲೂ ಜನ ಫೋನ್ ಎತ್ತಿ ನಿಂತಿರುತ್ತಾರೆ. ಬೆಲೆ ಏರಿಸಿದ್ದು ತಾರೆಯರು ಅಂತ ಎಲ್ಲರೂ ಅನ್ನುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಹೆಚ್ಚಿನದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನದು. ಷೇರುಪೇಟೆ, ಬ್ಯಾಂಕು, ವಜ್ರ ವ್ಯಾಪಾರ ಜವುಗು ತುಂಬಿದ ಆ ನೆಲಕ್ಕೆ ಬಂದ ಮೇಲೆ ಸಂಬಳ ದೊಡ್ಡದಿರುವವರಿಗೆ ಮನೆ ಹತ್ತಿರ ಬೇಕಾಯಿತು. ಜುಹುವಿನಲ್ಲಿ ಜೆ. ಆರ್. ಡಿ. ಟಾಟಾ 1932ರಲ್ಲಿ ಕರಾಚಿಯಿಂದ ಅಂಚೆ ತಂದಿಳಿಸಿದ ಹಳೇ ವಿಮಾನ ನಿಲ್ದಾಣ ಈಗಲೂ ಇದೆ. ವಿಮಾನದ ದಾರಿ ಅಂತ ಸುತ್ತಮುತ್ತ ಎತ್ತರಕ್ಕೆ ಕತ್ತರಿ, ಅದಕ್ಕೇ ಅಲ್ಲಿ ಬಂಗಲೆಗಳು ಇನ್ನೂ ಒಂದಷ್ಟು ಉಳಿದಿವೆ.

ಮಗಳಿಗೆ ಇವ್ಯಾವುವೂ ಬೇಡ ಬಿಡಿ. ಮಾಟುಂಗಾ ಕಡೆ ಒಮ್ಮೆ ಹೋಗಿ ಬರಲಿ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು, ಇಕ್ಕಟ್ಟಿನ ಊರನ್ನು ಬಿಡಿಸಲು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು, ಅದು ಅಗಲ ರಸ್ತೆ, ಮರ, ಉದ್ಯಾನ ಇಟ್ಟು ಮಾಡಿದ್ದೇ ದಾದರ್-ಮಾಟುಂಗಾ. ಅದೇ ಪ್ಲೇಗ್ ಮೈಸೂರಿಗೂ ಬಂದು, ಅದಾದ ಮೇಲೆಯೇ ಇಲ್ಲೂ ಟ್ರಸ್ಟ್ ಬೋರ್ಡ್, ಹೊಸ ಬಡಾವಣೆ, ಮನೆ ಹಿಂದೆ ಕೊಳೆ ಸಾಗಿಸುವ ಕನ್ಸರ್ವೆನ್ಸಿ ಓಣಿ ಎಲ್ಲ ಆದದ್ದು. ಹಾಗಾಗಿ ಆ ರಸ್ತೆಗಳಲ್ಲಿ ನಡೆದರೆ ನಮ್ಮವರಿಗೆ ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸುತ್ತದೆ. 1926ರ ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ, ಕೆಫೆ ಮೈಸೂರ್ ಅಲ್ಲೇ ಇದೆ. ಅಗ್ಗ ಅಂತ ಮಾತ್ರ ತಿಳಿಯಬೇಡಿ. ಮೋನೋರೈಲಿನಲ್ಲಿ ‘ಮೈಸೂರ್ ಕಾಲೊನಿ’ ಅಂತ ಒಂದು ನಿಲ್ದಾಣವಿದೆ, ಹೆಸರು ನೋಡಿ ಹಿಗ್ಗಿಬಿಟ್ಟಾಳು. ಅದರ ಪಕ್ಕದ ಒಂದು ನಿಲ್ದಾಣದ ಹೆಸರೇ ಭಾರತ್ ಪೆಟ್ರೋಲಿಯಂ, ಗಾಳಿ ಹೇಗಿರುತ್ತದೆ ಅಂತ ಊಹಿಸಿ.

ಸದ್ಯಕ್ಕೆ ಬಾಡಿಗೆಯೇ ಸರಿ. ಅಲ್ಲಿ 11 ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಮಾಡುತ್ತಾರೆ, ಹೆದರಬೇಡಿ. ಬಾಡಿಗೆದಾರ ಅಂತ ಬರೆದರೆ ಹಳೇ ಕಾಯ್ದೆಯ ಹಕ್ಕು ಅಂಟಿಕೊಂಡೀತು ಅನ್ನುವ ಮಾಲೀಕರ ಭಯದಿಂದ ಬಂದ ರೂಢಿ ಅದು. ಮುಂದೆ ಕೊಳ್ಳುವ ಮಾತು ಬಂದರೆ ಬೆಲೆಯನ್ನು ಕಾರ್ಪೆಟ್ ಏರಿಯಾದ ಮೇಲೆ ಕೇಳಲಿ, ಅಂದರೆ ಗೋಡೆಯೊಳಗೆ ಚಾಪೆ ಹಾಸಬಹುದಾದ ಜಾಗ. ಖಾತೆ ಕಂದಾಯದ ಭಾಷೆಯಲ್ಲಿ ವಿಚಾರಿಸಿದರೆ ಅಲ್ಲಿ ತಬ್ಬಿಬ್ಬಾಗುತ್ತಾರೆ. ಹಳೇ ವಸತಿ ಸಹಕಾರ ಸೊಸೈಟಿಗಳಲ್ಲಿ ಕೈಗೆ ಬರುವುದು ತಲಾ 50 ರೂಪಾಯಿಯ ಐದೋ ಹತ್ತೋ ಷೇರಿನ ಪತ್ರ. ಕೋಟಿಗಟ್ಟಲೆ ಕೊಟ್ಟು 250 ರೂಪಾಯಿಯ ಷೇರು! ಆದರೂ ಅದೇ ಆಸ್ತಿ. ಮತ್ತೆ ಸಮುದ್ರ ಕಾಣುತ್ತದೆ ಅಂತ ಬ್ರೋಕರ್ ಹೇಳಿದರೆ, ಎದುರಿನ ಹಳೇ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗಿದೆಯಾ ಅಂತ ಒಂದು ಮಾತು ಕೇಳಲಿ.

ನನ್ನ ಮಾವನ ಮಗ ರಿಟೈರ್ ಆಗಿ ಈಗ ವಿಜಯನಗರದಲ್ಲಿ ಮನೆ ಕಟ್ಟಿಕೊಂಡಿದ್ದಾನೆ, ಪೂರ್ವ ದಿಕ್ಕಿನದು. ಸಂಜೆ ತಾರಸಿಗೆ ಹೋದರೆ ಬೆಟ್ಟದ ದೀಪ ಕಾಣುತ್ತಿತ್ತು. ಹೋದ ವಾರ ಫೋನ್ ಮಾಡಿದ್ದ. ಎದುರು ಮನೆಯವರು ಮೂರನೇ ಮಹಡಿಗೆ ಕಂಬ ಎಬ್ಬಿಸಿದ್ದಾರಂತೆ.