ನನಗೇ ಗೊತ್ತಿಲ್ಲ, ಮಗುವಿಗೆ ವಿಜ್ಞಾನ ಹೇಗೆ ಕಲಿಸಲಿ?

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಇರುವೆ, ಹಲ್ಲಿ, ಹುಳ ಏನೇ ಕಂಡರೂ ಅಲ್ಲೇ ಕೂತುಬಿಡುತ್ತಾಳೆ. ಪ್ರಶ್ನೆ ಮೇಲೆ ಪ್ರಶ್ನೆ. ನಾನು ಓದಿದ್ದು ಕಾಮರ್ಸ್. ಅವಳು ಕೇಳುವ ಅರ್ಧಕ್ಕರ್ಧ ನನಗೇ ಗೊತ್ತಿರುವುದಿಲ್ಲ. ಮನೆಯಲ್ಲೇ ವಿಜ್ಞಾನ ಕಲಿಸುವುದು ಹೇಗೆ?

ಉತ್ತರ: ನಿಮ್ಮ ಮನೆಯಲ್ಲಿ ಕರಿಬೇವಿನ ಗಿಡ ಇದೆಯಾ? ಕುಂಡದಲ್ಲಿದ್ದರೂ ಸಾಕು. ಇಲ್ಲದಿದ್ದರೆ ಪಕ್ಕದ ಮನೆಯ ನಿಂಬೆ ಗಿಡವೂ ಆದೀತು. ಮಗಳನ್ನು ಕರೆದುಕೊಂಡು ಹೋಗಿ ಎಳೆ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಸಣ್ಣ ಸಾಸಿವೆ ಕಾಳಿನಷ್ಟು, ತಿಳಿ ಹಳದಿಯ ಗುಂಡನೆಯ ಮೊಟ್ಟೆ ಸಿಗಬಹುದು. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಏನಾದರೂ ಕಂಡರೆ ಒರೆಸಬೇಡಿ. ಅದು ಹುಳವೇ ಇರಬಹುದು. ಮುಂದೆ ಅದು ಕಾಮನ್ ಮಾರ್ಮನ್ ಎನ್ನುವ ಕಪ್ಪು ಚಿಟ್ಟೆಯೋ, ಕಪ್ಪು-ಹಳದಿ ನಿಂಬೆ ಚಿಟ್ಟೆಯೋ ಆಗುತ್ತದೆ.

ಹಿಕ್ಕೆಯ ಹಾಗೆ ಯಾಕಿದೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಪಾಠ ಶುರು ಮಾಡಬೇಡಿ. "ನೀನು ಹಕ್ಕಿ ಆಗಿದ್ರೆ ಇದನ್ನ ತಿಂತಿದ್ಯಾ?" ಅಂತ ಕೇಳಿ. "ಥೂ!" ಅನ್ನುತ್ತಾಳೆ. ಉತ್ತರ ಅವಳ ಬಾಯಲ್ಲೇ ಬಂತು ನೋಡಿ.

ಒಂದೆರಡು ಹುಳ ಸಾಕಿ, ಜಾಸ್ತಿ ಬೇಡ. ಅಗಲ ಬಾಯಿಯ ಡಬ್ಬಿ, ಮೇಲೆ ತೆಳು ಬಟ್ಟೆ, ಒಂದು ರಬ್ಬರ್ ಬ್ಯಾಂಡ್. ಬಿಸಿಲಿನಲ್ಲಿ ಇಡಬೇಡಿ. ದಿನಾ ಅದೇ ಗಿಡದ ಹೊಸ ಎಲೆ ಹಾಕಿ, ಹಳೆಯದನ್ನು ತೆಗೆಯಿರಿ. ಅಂಗಡಿಯಿಂದ ತಂದ ಕರಿಬೇವು ಮಾತ್ರ ಬೇಡ, ಔಷಧಿ ಹೊಡೆದಿರಬಹುದು. ನಾನೊಮ್ಮೆ ಸೋಮಾರಿತನಕ್ಕೆ ಸಂತೆಯ ಸೊಪ್ಪು ಹಾಕಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಎರಡೂ ಹುಳ ಸತ್ತು ಬಿದ್ದಿದ್ದವು. ಇನ್ನೊಂದು ಮಾತು. ಇವು ನುಣ್ಣಗಿನ ಹುಳ. ಮೈತುಂಬ ಕೂದಲಿರುವ ಕಂಬಳಿ ಹುಳವನ್ನು ಮುಟ್ಟಿದರೆ ಕೈ ಕಡಿಯುತ್ತದೆ. ಈ ವ್ಯತ್ಯಾಸವನ್ನು ಮೊದಲ ದಿನವೇ ತೋರಿಸಿಬಿಡಿ.

ಬರೆಯಲು ಬಾರದ ಮಗು ಅಳತೆಯ ಲೆಕ್ಕ ಇಡುವುದು ಹೇಗೆ? ನೂಲಿನಿಂದ. ದಿನಾ ಬೆಳಗ್ಗೆ ಹುಳದಷ್ಟೇ ಉದ್ದದ ನೂಲು ಕತ್ತರಿಸಿ, ಒಂದು ಹಾಳೆಯ ಮೇಲೆ ಸಾಲಾಗಿ ಅಂಟಿಸಿ. ಎರಡು ವಾರದ ಆಚೀಚೆ ಹುಳ ಸುಮಾರು 4 ಸೆಂಟಿಮೀಟರ್ ಆಗುತ್ತದೆ. ಆ ಹೊತ್ತಿಗೆ ಹಾಳೆಯ ಮೇಲೆ ಗ್ರಾಫ್ ತಾನಾಗಿ ಬಿದ್ದಿರುತ್ತದೆ. ಗ್ರಾಫ್ ಅನ್ನುವ ಪದ ಈಗ ಹೇಳಲೇಬೇಕೆಂದಿಲ್ಲ.

ಮಧ್ಯೆ ಒಂದು ದಿನ ಹುಳ ತಿನ್ನುವುದನ್ನು ನಿಲ್ಲಿಸಿ ಅಲ್ಲಾಡದೆ ಕೂರುತ್ತದೆ. ಸತ್ತುಹೋಯಿತು ಅಂತ ಮಗಳು ಅಳಬಹುದು. ರಾಮನಗರ, ಕೋಲಾರದ ಕಡೆ ರೇಷ್ಮೆ ಸಾಕುವವರನ್ನು ಕೇಳಿ, "ಹುಳ ಜ್ವರಕ್ಕೆ ಕೂತಿದೆ" ಅನ್ನುತ್ತಾರೆ. ಪೊರೆ ಬಿಡುವುದಕ್ಕೆ ಅವರಿಟ್ಟ ಹೆಸರು ಅದು. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ, ನಿಮ್ಮ ಕರಿಬೇವಿನ ಹುಳಕ್ಕೂ ನಾಲ್ಕೇ. ಚರ್ಮ ಹಿಗ್ಗುವುದಿಲ್ಲ, ಅದಕ್ಕೇ ಹಳೆಯದನ್ನು ಬಿಡಬೇಕು. ಮಗಳಿಗೆ ಹೋದ ವರ್ಷದ ಫ್ರಾಕ್ ಹಾಕಿ ನೋಡಿ, ವಿವರಿಸುವ ಕೆಲಸವೇ ಇರುವುದಿಲ್ಲ.

ನಾಲ್ಕನೇ ಜ್ವರ ಬಿಟ್ಟ ಮೇಲೆ ಹಿಕ್ಕೆಯ ವೇಷ ಹೋಗಿ ಹುಳ ಹಸಿರಾಗುತ್ತದೆ. ಹೆಗಲ ಮೇಲೆ ಎರಡು ದೊಡ್ಡ ಕಣ್ಣು! ಅವು ಸುಳ್ಳು ಕಣ್ಣು, ನಿಜವಾದ ತಲೆ ಕೆಳಗೆ ಬಗ್ಗಿಕೊಂಡಿರುತ್ತದೆ. ಒಂದು ಹುಲ್ಲುಕಡ್ಡಿಯಿಂದ ಮೆತ್ತಗೆ ಮುಟ್ಟಿ. ಪಟ್ಟನೆ ಕವಲೊಡೆದ ಕೊಂಬೊಂದು ಹೊರಗೆ ಬಂದು ಘಾಟು ವಾಸನೆ ಹೊಡೆಯುತ್ತದೆ. "ನಾಲಿಗೆ!" ಅಂತ ಮಕ್ಕಳೆಲ್ಲ ಕೂಗುತ್ತಾರೆ. ತಿದ್ದಬೇಡಿ. "ಹೌದಾ? ಹಾಗಾದ್ರೆ ಬಾಯಿ ಎಲ್ಲಿದೆ, ಹುಡುಕು" ಅನ್ನಿ. ಎಲೆ ತಿನ್ನುವಾಗ ಬಾಯಿ ಎಲ್ಲಿದೆ ಅಂತ ಕಾದು ನೋಡುತ್ತಾಳೆ. ಕೊಂಬು ಬಂದಿದ್ದು ತಲೆಯ ಹಿಂದಿನಿಂದ ಅಂತ ಅವಳೇ ಕಂಡುಹಿಡಿಯುತ್ತಾಳೆ. "ಲಾರ್ವಾ, ಪ್ಯೂಪಾ" ಅಂತ ಚಾರ್ಟ್ ನೋಡಿ ಗಿಳಿಪಾಠ ಒಪ್ಪಿಸುವುದಕ್ಕಿಂತ ನನಗೆ ಇದು ದೊಡ್ಡದು. ಕೊಂಬನ್ನು ಪದೇ ಪದೇ ಹೊರಡಿಸಬೇಡಿ, ಪಾಪ ಅದು ಹೆದರಿದಾಗಿನ ಆಯುಧ.

ಇನ್ನು ನಿಮ್ಮ "ಗೊತ್ತಿಲ್ಲ"ದ ವಿಷಯ. ನನ್ನ ಮಗ ಒಮ್ಮೆ, "ಚಿಟ್ಟೆಗೆ ತಾನು ಹುಳ ಆಗಿದ್ದು ನೆನಪಿರುತ್ತಾ?" ಅಂತ ಕೇಳಿದ್ದ. ಸುಮ್ನೆ ಕೇಳಿದ್ದು ಅಂತ ನಕ್ಕುಬಿಟ್ಟಿದ್ದೆ. ಆಮೇಲೆ ಹುಡುಕಿದರೆ, ಅಮೆರಿಕದ ವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಒಂದು ಜಾತಿಯ ಪತಂಗದ ಹುಳಕ್ಕೆ ಒಂದು ವಾಸನೆ ಕೊಟ್ಟು, ಜೊತೆಗೆ ಸಣ್ಣ ಕರೆಂಟ್ ಶಾಕ್ ಕೊಟ್ಟರು. ಹುಳ ಆ ವಾಸನೆ ಕಂಡರೆ ದೂರ ಹೋಗುವುದನ್ನು ಕಲಿಯಿತು. ಕೊನೆಯ ಹಂತದಲ್ಲಿ ಕಲಿತ ಹುಳಗಳು ರೆಕ್ಕೆ ಬಂದ ಮೇಲೂ ಅದೇ ವಾಸನೆಯಿಂದ ದೂರ ಸರಿದವು. ಎಳೆಯ ವಯಸ್ಸಿನಲ್ಲಿ ಕಲಿತವಕ್ಕೆ ಆ ನೆನಪು ಉಳಿದಿರಲಿಲ್ಲ. ಹಾಗಾಗಿ "ನಂಗೂ ಗೊತ್ತಿಲ್ಲ ಪುಟ್ಟಾ, ನೋಡೋಣ" ಅನ್ನಲು ನಾಚಿಕೆ ಬೇಡ. ಕಣ್ಣಿಂದ ನೋಡಿ ತಿಳಿಯುವಂಥದ್ದಾದರೆ ಗಿಡದ ಹತ್ತಿರ ಹೋಗಿ, ಆಗದಿದ್ದರೆ ಸಂಜೆ ಇಬ್ಬರೂ ಕೂತು ಹುಡುಕಿ.

ಹುಳ ಎಲೆ ಬಿಟ್ಟು ಡಬ್ಬಿ ತುಂಬ ಓಡಾಡತೊಡಗಿದರೆ ಒಂದು ಕಡ್ಡಿ ನಿಲ್ಲಿಸಿಕೊಡಿ. ನಡುವಿಗೆ ತೆಳ್ಳನೆಯ ನೂಲಿನ ಪಟ್ಟಿ ಬಿಗಿದುಕೊಂಡು ಕೋಶವಾಗುತ್ತದೆ. ಹತ್ತು ದಿನದ ಆಸುಪಾಸಿನಲ್ಲಿ ಕೋಶ ಕಪ್ಪಾಗಿ, ಒಳಗಿನ ರೆಕ್ಕೆ ಕಾಣುತ್ತದೆ. ಚಿಟ್ಟೆ ಹೊರಬರುವಾಗ ಸಹಾಯಕ್ಕೆ ಹೋಗಬೇಡಿ. ಜೋತುಬಿದ್ದು ರೆಕ್ಕೆ ಬಿಡಿಸಿಕೊಳ್ಳಲು ಅದಕ್ಕೆ ಜಾಗ ಬೇಕು, ಅಷ್ಟೇ.

ಕೆಲವೊಮ್ಮೆ ಚಿಟ್ಟೆಯ ಬದಲು ಕೋಶಕ್ಕೆ ಸಣ್ಣ ತೂತು ಬಿದ್ದು ಇರುವೆಗಿಂತ ಚಿಕ್ಕ ಕಣಜಗಳು ಹೊರಬರುತ್ತವೆ. ತಾಯಿ ಕಣಜ ಅದರೊಳಗೆ ಮೊಟ್ಟೆ ಇಟ್ಟಿತ್ತು, ಮರಿಗಳು ಒಳಗಿನದನ್ನು ತಿಂದು ಬೆಳೆದವು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಕಥೆ ಕಟ್ಟಬೇಡಿ. ಅಳು ಬಂದರೆ ಅಳಲಿ.

ಗಿಡ ಬೋಳಾಯಿತು, ಒಗ್ಗರಣೆಗೆ ಎಲೆ ಇಲ್ಲ ಅಂತ ಅತ್ತೆ ಗೊಣಗಿದರೆ ಸ್ವಲ್ಪ ದಿನ ತಾಳಿಕೊಳ್ಳಿ. ಕರಿಬೇವು ಮತ್ತೆ ಚಿಗುರುತ್ತದೆ. ಚಿಗುರು ಬಂದ ಮೇಲೆ ಮೊಟ್ಟೆ ಇಡಲು ಚಿಟ್ಟೆಯೂ ಬರುತ್ತದೆ.